ಭೂತಕಾಲವನ್ನು ತಿದ್ದುವ ಗುಮಾಸ್ತ

ಸರ್ವಾಧಿಕಾರದ ಪ್ರಚಾರವೆಂದೊಡನೆ ನಾಯಕನ ಬೃಹತ್ ಭಿತ್ತಿಚಿತ್ರ, ಧ್ವನಿವರ್ಧಕದ ಗರ್ಜನೆ, ಮುಷ್ಟಿಯೆತ್ತಿದ ಜನಸ್ತೋಮಗಳು ಕಣ್ಣಮುಂದೆ ಬರುತ್ತವೆ. 1949ರ ಜೂನ್‌ನಲ್ಲಿ ಪ್ರಕಟವಾದ ಜಾರ್ಜ್ ಆರ್ವೆಲ್ಲನ ‘ನೈಂಟೀನ್ ಎಯ್ಟಿ-ಫೋರ್’ ಕಾದಂಬರಿಯಲ್ಲಿ ಇವೆಲ್ಲವೂ ಇವೆ. ಆದರೆ ಅಲ್ಲಿಯ ಪ್ರಭುತ್ವದ ನಿಜವಾದ ಆಧಾರಸ್ತಂಭ, ಮೇಜಿನ ಮುಂದೆ ಕುಳಿತು ಹಳೆಯ ಪತ್ರಿಕೆಗಳನ್ನು ತಿದ್ದುವ ಗುಮಾಸ್ತ.

ಕಥಾನಾಯಕ ವಿನ್‌ಸ್ಟನ್ ಸ್ಮಿತ್ ಸತ್ಯ ಸಚಿವಾಲಯದ ಅಂಥ ಒಬ್ಬ ನೌಕರ. ಚಾಕೊಲೇಟಿನ ಪಡಿತರವನ್ನು ಕಡಿತಗೊಳಿಸುವುದಿಲ್ಲವೆಂದು ಸರಕಾರ ಮಾತು ಕೊಟ್ಟಿರುತ್ತದೆ; ಅದನ್ನು 30 ಗ್ರಾಮಿನಿಂದ 20ಕ್ಕೆ ಇಳಿಸಬೇಕಾಗಿ ಬಂದಾಗ, ಕಡಿತದ ಮುನ್ಸೂಚನೆಯನ್ನು ಮೊದಲೇ ನೀಡಲಾಗಿತ್ತೆಂಬಂತೆ ಅವನು ಹಳೆಯ ವರದಿಯನ್ನು ತಿದ್ದುತ್ತಾನೆ. ಮೂಲಪ್ರತಿ ಬೆಂಕಿಗೆ ಹೋಗುತ್ತದೆ. ಮುಂದೆ, ಪಡಿತರವನ್ನು 20 ಗ್ರಾಮಿಗೆ ‘ಏರಿಸಿದ್ದಕ್ಕಾಗಿ’ ಜನರು ನಾಯಕನಿಗೆ ಕೃತಜ್ಞತೆ ಸಲ್ಲಿಸಿದರೆಂಬ ಸುದ್ದಿ ಪ್ರಸಾರವಾಗುತ್ತದೆ. ಇಲ್ಲಿ ಸುಳ್ಳನ್ನು ನಂಬಿಸುವ ಪ್ರಯಾಸವೇ ಇಲ್ಲ. ನಿನ್ನೆಯೊಡನೆ ಇಂದನ್ನು ಹೋಲಿಸಿ ನೋಡಲು ಬೇಕಾದ ಒಂದು ಹಾಳೆಯೂ ಯಾರ ಕೈಯಲ್ಲೂ ಉಳಿಯದಿದ್ದರೆ ಸಾಕು.

ಈ ಕಚೇರಿ ಬರಿಯ ಕಲ್ಪನೆಯಿಂದ ಹುಟ್ಟಿದ್ದಲ್ಲ. 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಜನಿಸಿದ ಆರ್ವೆಲ್, 1941ರಿಂದ 1943ರವರೆಗೆ ಬಿಬಿಸಿಯ ಪೂರ್ವ ವಿಭಾಗದಲ್ಲಿ ದುಡಿದು, ಭಾರತದ ಶ್ರೋತೃಗಳಿಗಾಗಿ ಯುದ್ಧವಾರ್ತೆಯ ವಿಮರ್ಶೆಗಳನ್ನು ಬರೆದವನು. ಅವನ ಬರಹ ಪ್ರಸಾರಕ್ಕೆ ಮುನ್ನ ಪರಿಶೀಲಕರ ಕಣ್ಣು ದಾಟಬೇಕಾಗಿತ್ತು. ಅವನ ಪತ್ನಿ ಐಲೀನ್ ಕೂಡ ಕೆಲಕಾಲ ಸೆನ್ಸಾರ್ ಇಲಾಖೆಯಲ್ಲಿದ್ದವಳು. ಬ್ರಿಟನ್ನಿನ ಯುದ್ಧಕಾಲದ ಪ್ರಚಾರವನ್ನು ಸ್ಟಾಲಿನ್ನನ ವ್ಯವಸ್ಥೆಗೆ ಸಮವೆಂದು ಎಣಿಸುವುದು ಸರಿಯಲ್ಲ. ಆದರೂ ಸಜ್ಜನರೇ ತುಂಬಿದ ಕಚೇರಿಯೊಂದರಲ್ಲಿ ಮಾತು ಹೇಗೆ ಸವೆಯುತ್ತದೆಂಬುದನ್ನು ಅವನು ಹತ್ತಿರದಿಂದ ಕಂಡಿದ್ದನು.

ರಷ್ಯದಲ್ಲಿ ನಡೆದುದು ಇನ್ನೂ ಘೋರ. ಕಾಲುವೆಯೊಂದರ ದಂಡೆಯ ಮೇಲೆ ಸ್ಟಾಲಿನ್ನನ ಪಕ್ಕದಲ್ಲಿ ನಿಂತಿದ್ದ ರಹಸ್ಯ ಪೊಲೀಸರ ಮುಖ್ಯಸ್ಥ ಯೆಜೋವ್, 1940ರಲ್ಲಿ ವಧೆಗೊಂಡ ಬಳಿಕ ಆ ಛಾಯಾಚಿತ್ರದಿಂದಲೂ ಮಾಯವಾದನು. ಅವನಿದ್ದೆಡೆಯಲ್ಲಿ ನೀರು ಉಳಿಯಿತು. ಅದೇ ಹುದ್ದೆಯಲ್ಲಿ ಅವನ ಉತ್ತರಾಧಿಕಾರಿಯಾಗಿದ್ದ ಬೆರಿಯಾನಿಗೆ 1953ರಲ್ಲಿ ಮರಣದಂಡನೆಯಾದ ಮೇಲೆ, ಸೋವಿಯತ್ ಮಹಾವಿಶ್ವಕೋಶದ ಚಂದಾದಾರರಿಗೆ ಅವನನ್ನು ಕುರಿತ ಪುಟಗಳನ್ನು ಕತ್ತರಿಸಿ, ಬೇರಿಂಗ್ ಸಮುದ್ರ ಮುಂತಾದವುಗಳ ವಿವರಗಳಿದ್ದ ಹೊಸ ಪುಟಗಳನ್ನು ಅಂಟಿಸಿಕೊಳ್ಳಲು ಸೂಚನೆ ಹೋಯಿತು. ಆರ್ವೆಲ್ ಆಗಲೇ ಗತಿಸಿ ಸುಮಾರು ನಾಲ್ಕು ವರ್ಷ ಕಳೆದಿತ್ತು.

ಕಾದಂಬರಿಯ ಅತ್ಯಂತ ಭೀಕರ ಭಾಗ ಚಿತ್ರಹಿಂಸೆಯ ಕೋಣೆಯದೆಂದು ಹಲವರ ಎಣಿಕೆ. ದ್ವೇಷಸಪ್ತಾಹದ ಪ್ರಸಂಗ ಅದಕ್ಕಿಂತ ಭೀಕರವಾದುದು. ಭಾಷಣಕಾರನ ಕೈಗೆ ಒಂದು ಚೀಟಿ ಬರುತ್ತದೆ; ಆಡುತ್ತಿದ್ದ ವಾಕ್ಯವನ್ನೂ ನಿಲ್ಲಿಸದೆ ಅವನು ಶತ್ರುದೇಶದ ಹೆಸರನ್ನು ಬದಲಿಸುತ್ತಾನೆ. (1939ರ ಆಗಸ್ಟಿನಲ್ಲಿ ಹಿಟ್ಲರನೊಡನೆ ಒಪ್ಪಂದವಾದಾಗ ಹಾಗೂ 1941ರ ಜೂನ್‌ನಲ್ಲಿ ಅದು ಮುರಿದಾಗ, ಮಾಸ್ಕೋವನ್ನು ಅನುಸರಿಸುತ್ತಿದ್ದ ಪಕ್ಷಗಳೂ ಹೀಗೆಯೇ ಹೊರಳಿದವು, ಭಾರತದ ಕಮ್ಯುನಿಸ್ಟರಿಗೆ ಸಾಮ್ರಾಜ್ಯಶಾಹಿ ಯುದ್ಧವಾಗಿದ್ದುದು ಜನತಾ ಯುದ್ಧವಾಯಿತು.) ಆಮೇಲೆ ಹಿಂದಿನ ದಾಖಲೆಗಳೆಲ್ಲವನ್ನೂ ತಿದ್ದಬೇಕು. ವಿನ್‌ಸ್ಟನ್ ಐದು ದಿನಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಗಂಟೆ ದುಡಿಯುತ್ತಾನೆ. ಪಕ್ಷವನ್ನು ಮನಸಾರೆ ದ್ವೇಷಿಸುವ, ಗುಪ್ತವಾಗಿ ದಿನಚರಿ ಬರೆಯುವ ಅವನೇ, ಈ ಕೃತ್ರಿಮ ಲೋಪವಿಲ್ಲದೆ ಮುಗಿಯಬೇಕೆಂದು ಸಹೋದ್ಯೋಗಿಗಳಷ್ಟೇ ತವಕಪಡುತ್ತಾನೆ. ಅವನ ಬಾಳಿನ ಅತಿದೊಡ್ಡ ಸಂತೋಷವೂ ಈ ಕೆಲಸವೇ. ಬಂಡಾಯಗಾರನ ಕಸುಬಿನ ಅಭಿಮಾನವನ್ನೂ ಪ್ರಭುತ್ವ ಹೀಗೆ ದುಡಿಸಿಕೊಳ್ಳುತ್ತದೆ.

ಜನಸಂಖ್ಯೆಯ ನೂರಕ್ಕೆ 85ರಷ್ಟಿರುವ ಶ್ರಮಿಕರಿಗೆ ಇಷ್ಟು ಪ್ರಚಾರವೂ ಬೇಡ. ಯಂತ್ರ ಹೆಣೆದ ಹಾಡುಗಳು ಮತ್ತು ದೊಡ್ಡ ಬಹುಮಾನ ಯಾರಿಗೂ ಬಾರದ ಲಾಟರಿ ಸಾಕು. ಪ್ರಚಾರದ ಪೂರ್ಣ ಭಾರ ಬೀಳುವುದು ಅದನ್ನು ತಯಾರಿಸುವ ಪಕ್ಷದ ಸದಸ್ಯರ ಮೇಲೆಯೇ.

ಅವರಿಗಾಗಿಯೇ ‘ನ್ಯೂಸ್ಪೀಕ್’ ಎಂಬ ನುಡಿ ಸಿದ್ಧವಾಗುತ್ತಿರುತ್ತದೆ. ವರ್ಷವರ್ಷಕ್ಕೂ ಪದಗಳು ಕಡಿಮೆಯಾಗುವ ನಿಘಂಟು ಅದರದು. ಪದವಿಲ್ಲದೆಡೆ ವಿರೋಧದ ಆಲೋಚನೆಯೂ ಹುಟ್ಟದೆಂಬುದು ಪಕ್ಷದ ಲೆಕ್ಕ. ಆದರೆ ಕಾದಂಬರಿಯ ಅನುಬಂಧ ಒಂದು ತೊಡಕನ್ನು ಹೇಳುತ್ತದೆ. ಷೇಕ್ಸ್‌ಪಿಯರ್, ಮಿಲ್ಟನ್, ಡಿಕನ್ಸ್ ಮೊದಲಾದವರನ್ನು ಆ ನುಡಿಗೆ ತರುವ ಕೆಲಸ ಬಹಳ ನಿಧಾನವಾಗಿ ಸಾಗುತ್ತಿದ್ದುದರಿಂದ, ಹಳೆಯ ಭಾಷೆಯನ್ನು ಪೂರ್ಣವಾಗಿ ಅಳಿಸುವ ಗಡುವನ್ನು 2050ರಷ್ಟು ದೂರಕ್ಕೆ ಇಡಬೇಕಾಯಿತು.