ಗಡಿಯಾರವಿಲ್ಲದ ಪುಟ್ಟ ಗಣಕ ಮತ್ತು ಬ್ಯಾಲಾಳಿನ ಕಾಲ

ಬೆಂಗಳೂರಿಗೆ ಅದರದೇ ಆದ ಒಂದು ಸಮಯವಿದೆ. ನಮ್ಮ ಊರು 77.6 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಭಾರತೀಯ ಶಿಷ್ಟ ಕಾಲದ ರೇಖೆ 82.5 ಡಿಗ್ರಿಯದು. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಲೆಕ್ಕ ಹಾಕಿ ನೋಡಿ (ನನ್ನ ತರಗತಿಯಲ್ಲಿ ಕುಳಿತವರಿಗೆ ಇದು ಕಷ್ಟವಾಗಲಾರದು): ಸೂರ್ಯನನ್ನು ನಂಬಿದರೆ ಆರ್‌ಪಿಸಿ ಲೇಔಟಿನ ನಾವು ಕೈಗಡಿಯಾರಕ್ಕಿಂತ ಸರಾಸರಿ ಇಪ್ಪತ್ತು ನಿಮಿಷ ಹಿಂದಿದ್ದೇವೆ.

1864ರಲ್ಲಿ ಮದ್ರಾಸಿನ ಕಡೆಯಿಂದ ದಂಡು ಪ್ರದೇಶಕ್ಕೆ ರೈಲು ಬಂದಿತು. ಊರೂರಿಗೆ ಒಂದೊಂದು ಮಧ್ಯಾಹ್ನವಿದ್ದರೆ ರೈಲಿನ ವೇಳಾಪಟ್ಟಿ ನಡೆಯದು. ಆದ್ದರಿಂದ ರೈಲುಗಳು ಮದ್ರಾಸ್ ವೀಕ್ಷಣಾಲಯದ ಸಮಯವನ್ನು ಹಿಡಿದವು. 1906ರ ಜನವರಿ 1ರಿಂದ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ಈಗಿನ ಶಿಷ್ಟ ಕಾಲ ಜಾರಿಗೆ ಬಂದಿತು. ಮುಂದೆ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಿಂದ ಎಚ್‌ಎಂಟಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿತು. ಬೆಳಿಗ್ಗೆ ಕೀಲಿ ಕೊಡುವುದು, ಆಕಾಶವಾಣಿಯ ವಾರ್ತೆಗೆ ಮುಂಚಿನ 'ಪಿಂ ಪಿಂ' ಕೇಳಿ ಮುಳ್ಳು ಸರಿಪಡಿಸುವುದು ನಮ್ಮ ಕಾಲದ ಮನೆಮನೆಯ ಪದ್ಧತಿ.

ಆ ಪದ್ಧತಿ ಅಳಿದಿಲ್ಲವೆಂಬುದನ್ನು ಅಂಗೈಯಗಲದ ಒಂದು ಗಣಕದಲ್ಲಿ ಕಂಡೆ. 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬ ಒಂಟಿ ಹಲಗೆಯ ಗಣಕದಲ್ಲಿ ಬೆಲೆ ತಗ್ಗಿಸುವ ಸಲುವಾಗಿ ಬ್ಯಾಟರಿಯಿಂದ ನಡೆಯುವ ಗಡಿಯಾರವನ್ನೇ ಇಟ್ಟಿರಲಿಲ್ಲ. ವಿದ್ಯುತ್ ಇರುವಷ್ಟು ಹೊತ್ತು ಅದು ಸ್ಫಟಿಕದ ಕಂಪನಗಳನ್ನೆಣಿಸಿ ಕಾಲ ತಿಳಿಯುತ್ತದೆ. ಕರೆಂಟು ಹೋದರೆ ಎಣಿಕೆ ನಿಂತಿತು! ಮರಳಿ ಎದ್ದಾಗ, ಮಲಗುವ ಮುನ್ನ ಕಾರ್ಡಿನಲ್ಲಿ ಬರೆದಿಟ್ಟುಕೊಂಡ ಹಳೆಯ ವೇಳೆಯಿಂದಲೇ ಮುಂದುವರಿಯುತ್ತದೆ. ಮಳೆಯನ್ನೋ ತಾಪಮಾನವನ್ನೋ ದಾಖಲಿಸಲು ಅದನ್ನಿಟ್ಟವರ ಲೆಕ್ಕವೆಲ್ಲ ತಪ್ಪು ಗಂಟೆಯಲ್ಲಿ ಕೂರುತ್ತದೆ. ಎಚ್ಚರವಿದ್ದಾಗಲೂ ಅಗ್ಗದ ಸ್ಫಟಿಕ ದಿನಕ್ಕೊಂದೆರಡು ಸೆಕೆಂಡು ಜಾರಬಲ್ಲದು.

ಅದಕ್ಕೆ ಮದ್ದು ಡೇವಿಡ್ ಮಿಲ್ಸ್ ಎಂಬ ಅಮೆರಿಕದ ವಿಜ್ಞಾನಿ 1985ರಲ್ಲಿ ರೂಪಿಸಿದ ಎನ್‌ಟಿಪಿ. ಗಣಕವು ಅಂತರಜಾಲದ ಮೂಲಕ ನಂಬಿಗಸ್ತ ಗಡಿಯಾರವೊಂದನ್ನು ಕೇಳುತ್ತದೆ. ಪ್ರಶ್ನೆ ಹೋಗಿ ಉತ್ತರ ಬರಲು ತಗುಲಿದ ಹೊತ್ತಿನಲ್ಲಿ ಅರ್ಧವನ್ನು ಲೆಕ್ಕಕ್ಕೆ ಹಿಡಿದು ತನ್ನ ಅಂತರವನ್ನರಿಯುತ್ತದೆ. ಅಂತರ ಅಲ್ಪವಾಗಿದ್ದರೆ ಮುಳ್ಳನ್ನು ಎಳೆದು ಕೂರಿಸುವುದಿಲ್ಲ; ನಡಿಗೆಯನ್ನು ತುಸು ಬಿರುಸು ಅಥವಾ ನಿಧಾನ ಮಾಡಿಕೊಳ್ಳುತ್ತದೆ. ನನಗೆ ಬಹಳ ಮೆಚ್ಚುಗೆಯಾದ ಜಾಣತನವಿದು.

ಆದರೆ ಆ ನಂಬಿಗಸ್ತ ಗಡಿಯಾರ ಯಾರದು? ನಮ್ಮ ಶಿಷ್ಟ ಕಾಲವನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಕಾಯುತ್ತದೆ. ಇನ್ನೊಂದು ಕಾಲಗೃಹ ನಮ್ಮ ನೆರೆಯಲ್ಲೇ ಇದೆ. ಮೈಸೂರು ರಸ್ತೆ ಹಿಡಿದು ಕೆಂಗೇರಿ ದಾಟಿ ಒಳಕ್ಕೆ ಹೋದರೆ ಬ್ಯಾಲಾಳು. ಚಂದ್ರಯಾನದ ದೊಡ್ಡ ತಟ್ಟೆಯನ್ನು ಎಲ್ಲರೂ ಬಲ್ಲರು. ಅಲ್ಲಿಯೇ 2013ರ ಮೇ 28ರಂದು ಇಸ್ರೋದ ಸಂಚರಣ ಕೇಂದ್ರ ಉದ್ಘಾಟನೆಗೊಂಡಿತು. ಸೀಸಿಯಂ ಮತ್ತು ಹೈಡ್ರೋಜನ್ ಗಡಿಯಾರಗಳ ಸಮೂಹವೊಂದು ಅಲ್ಲಿ ನಾವಿಕ್ ಉಪಗ್ರಹಗಳ ಕಾಲವನ್ನು ನಿರ್ಣಯಿಸುತ್ತದೆ.

ಇಲ್ಲಿ ಪಣಕ್ಕಿರುವುದು ಸಣ್ಣದಲ್ಲ. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ತಪ್ಪಿದರೂ ಬೆಳಕಿನ ಲೆಕ್ಕದಲ್ಲಿ ಸುಮಾರು ಒಂದಡಿ ವ್ಯತ್ಯಾಸ. 2013ರಲ್ಲಿ ಹಾರಿದ ಮೊದಲ ಉಪಗ್ರಹದಲ್ಲಿ ಯುರೋಪಿನಿಂದ ತರಿಸಿದ್ದ ಮೂರು ರುಬಿಡಿಯಂ ಗಡಿಯಾರಗಳೂ ಕೆಟ್ಟವು. ಅದಕ್ಕೆ ಬದಲಿಯಾಗಿ 2017ರ ಆಗಸ್ಟ್ 31ರಂದು ಹೊರಟ ಉಪಗ್ರಹ ಉಷ್ಣಕವಚ ಬೇರ್ಪಡದೆ ವ್ಯರ್ಥವಾಯಿತು. 2018ರ ಏಪ್ರಿಲ್‌ನಲ್ಲಿ ಇನ್ನೊಂದು ಹೋಗಬೇಕಾಯಿತು. 2023ರ ಮೇ 29ರಂದು ಏರಿದ ಎನ್‌ವಿಎಸ್-01 ನಮ್ಮಲ್ಲೇ ತಯಾರಾದ ರುಬಿಡಿಯಂ ಗಡಿಯಾರವನ್ನು ಮೊದಲ ಬಾರಿಗೆ ಹೊತ್ತೊಯ್ದಿತು. 2025ರ ಜನವರಿ 29ರಂದು ಹಾರಿದ ಎನ್‌ವಿಎಸ್-02 ಮಾತ್ರ ತನ್ನ ಕಕ್ಷೆಯನ್ನು ತಲುಪಲಿಲ್ಲ.

ಪುಟ್ಟ ಗಣಕಕ್ಕೆ ಇಂಥ ಉಪಗ್ರಹಗಳ ಸಂಕೇತ ಹಿಡಿಯುವ ಗ್ರಾಹಕವೊಂದನ್ನು ಜೋಡಿಸಿದರೆ ಸೆಕೆಂಡಿಗೊಂದು ಮಿಡಿತ ದೊರೆಯುತ್ತದೆ, ಅಂತರಜಾಲದ ಹಂಗಿಲ್ಲ. ಆಂಟೆನಾ ಮಾತ್ರ ಆಕಾಶ ಕಾಣುವ ಕಡೆ ಇರಬೇಕು. ನಮ್ಮ ಬಡಾವಣೆಯ ಒತ್ತಾದ ಮನೆಗಳಲ್ಲಿ ಅದಕ್ಕೆ ತಾರಸಿಯೇ ಗತಿ.