ಶೇಷಗಿರಿಹಳ್ಳಿಯಲ್ಲಿ ಬಿದ್ದ ಸಾರಸ್

ರಾಮನಗರ ಸೀಮೆಯ ಚರಿತ್ರೆ ಬರೆಯುವವರಿಗೆ ಸಾಮಗ್ರಿಯ ಬರವಿಲ್ಲ. ಮಾಗಡಿಗೆ ಕೆಂಪೇಗೌಡರಿದ್ದಾರೆ, ಚನ್ನಪಟ್ಟಣಕ್ಕೆ ಗೊಂಬೆ, ಕನಕಪುರಕ್ಕೆ ರೇಷ್ಮೆ. ರಾಮನಗರದ ಬಂಡೆಗಳಿಗಂತೂ ‘ಶೋಲೆ’ ಅಂಟಿಕೊಂಡೇ ಇದೆ. ಈ ನಾಲ್ಕು ತಾಲ್ಲೂಕುಗಳ ಬಗ್ಗೆ ಸಂಶೋಧನೆ ಮಾಡುತ್ತಿರುವ ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಒಂದು ತನಿಖಾ ವರದಿ. 2009ರ ಮಾರ್ಚ್ 6ರ ಮಧ್ಯಾಹ್ನ ಬಿಡದಿ ಬಳಿಯ ಶೇಷಗಿರಿಹಳ್ಳಿಯಲ್ಲಿ ಸಾರಸ್ ವಿಮಾನ ಬಿದ್ದು ಮೂವರು ತೀರಿಕೊಂಡರು: ವಿಂಗ್ ಕಮಾಂಡರ್ ಪ್ರವೀಣ್ ಕೋಟೇಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ.

ಸಾರಸ್ ಬೆಂಗಳೂರಿನ ಎನ್‌ಎಎಲ್ ರೂಪಿಸಿದ, 14 ಆಸನಗಳ ಪುಟ್ಟ ವಿಮಾನ. 2004ರ ಮೇ 29ರಂದು ಮೊದಲು ಹಾರಿತು. ಬಿದ್ದದ್ದು ಅದರ ಎರಡನೇ ಮಾದರಿ. ಗಿಡ್ಡ ರನ್‌ವೇ, ಅರೆಬರೆ ಸಿದ್ಧವಾದ ನೆಲ, ಉರಿಬಿಸಿಲು ಇವೆಲ್ಲವನ್ನೂ ತಾಳಿಕೊಂಡು ಸಣ್ಣ ಊರುಗಳನ್ನು ಮುಟ್ಟಬೇಕೆಂಬುದು ಅದನ್ನು ಕಟ್ಟಿದವರ ಆಸೆ. ಅಂಥ ಕಡೆ ಎಲ್ಲ ಲೆಕ್ಕವೂ ಬಿಗಿ. ನೆಲ ಒದ್ದೆಯಾದರೆ ಬ್ರೇಕ್ ಸರಿಯಾಗಿ ಹಿಡಿಯದು. ಬಿಸಿಲಿಗೆ ಗಾಳಿ ತೆಳುವಾದರೆ ಮೇಲೇಳಲು ಇನ್ನಷ್ಟು ದೂರ ಓಡಬೇಕು. ಎರಡರಲ್ಲಿ ಒಂದು ಇಂಜಿನ್ ಕೈಕೊಟ್ಟರಂತೂ ಉಳಿದದ್ದೇ ಗತಿ. ಆದ್ದರಿಂದಲೇ ಹಾರುತ್ತಿರುವಾಗ ಇಂಜಿನ್ ಆರಿಸಿ ಮತ್ತೆ ಹೊತ್ತಿಸಿ ನೋಡಬೇಕು. ಅಂದು ನಡೆದದ್ದು ಆ ಪರೀಕ್ಷೆ.

ಆರಿದ ಇಂಜಿನ್ನಿನ ಪ್ರೊಪೆಲ್ಲರ್ ಅಲಗುಗಳನ್ನು ಗಾಳಿಗೆ ಚಾಕುವಿನಂತೆ ಅಂಚು ಕೊಟ್ಟು ನಿಲ್ಲಿಸುತ್ತಾರೆ. ಇಂಜಿನ್ ಹೊತ್ತುವ ಮೊದಲೇ ಅವು ಅಗಲಕ್ಕೆ ತಿರುಗಿದರೆ ಗಾಳಿಗೆ ಗೋಡೆಯಾಗಿ ನಿಲ್ಲುತ್ತವೆ, ವಿಮಾನವನ್ನು ಒಂದೇ ಪಕ್ಕಕ್ಕೆ ಎಳೆಯುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವೇ ಇಲ್ಲಿ ಜೀವ.

ಆ ಕ್ರಮವೇ ತಪ್ಪಾಗಿತ್ತು ಎನ್ನುತ್ತದೆ ವರದಿ. ವಿನ್ಯಾಸಕರು ತಪ್ಪಾಗಿ ರೂಪಿಸಿದ್ದನ್ನು, ಸಾಕಷ್ಟು ಎತ್ತರವಿಲ್ಲದೆಡೆ ಸಿಬ್ಬಂದಿ ಅನುಸರಿಸಿದರು. ಪ್ರೊಪೆಲ್ಲರ್ ತಯಾರಿಸಿದವರನ್ನು ಕೇಳದೆಯೇ ಆ ಕ್ರಮ ಸಿದ್ಧವಾಗಿತ್ತು. ವರದಿ ಕಾಕ್‌ಪಿಟ್ಟನ್ನೂ ಬಿಟ್ಟಿಲ್ಲ. ಸಿಬ್ಬಂದಿಯ ನಡುವಿನ ಹೊಂದಾಣಿಕೆ ಸಾಲದೆಂದಿತು, ಮೊದಲ ಯತ್ನ ವಿಫಲವಾದಾಗಲೇ, ನೆಲದಲ್ಲಿದ್ದ ನಿರ್ದೇಶಕರೊಡನೆ ಮಾತಾಡಿ ಹಾರಾಟ ಕೈಬಿಡಬೇಕಿತ್ತೆಂದಿತು.

ಚಾಲಕರ ಅರ್ಹತೆ ಎಂದಾಗ ನಾವು ಕಣ್ಣು, ರಕ್ತದೊತ್ತಡ, ನಿದ್ದೆಯ ಲೆಕ್ಕ ಹಿಡಿಯುತ್ತೇವೆ. ಅದನ್ನೆಲ್ಲ ನೋಡುವ ವಾಯುಪಡೆಯ ವೈದ್ಯಕೀಯ ಸಂಸ್ಥೆ 1957ರಿಂದ ಬೆಂಗಳೂರಿನಲ್ಲೇ ಇದೆ. ಆದರೆ ‘ಇನ್ನು ಸಾಕು, ಇಳಿಯೋಣ’ ಎನ್ನುವ ಶಕ್ತಿಯನ್ನು ಅಳೆಯುವ ಯಂತ್ರ ಎಲ್ಲಿದೆ? ಕೆಳಗೆ ಕಾಯುತ್ತಿರುವ ಯೋಜನೆ, ಮುಗಿಸಬೇಕಾದ ಪರೀಕ್ಷೆಗಳ ಪಟ್ಟಿ ಕೂಡ ಆ ಮಾತನ್ನು ಗಂಟಲಲ್ಲೇ ಹಿಡಿಯಬಲ್ಲವು ಎಂಬುದು ನನ್ನ ಊಹೆ. ಹಾಗಾಗಿ ಕಾಕ್‌ಪಿಟ್ಟಿಗಿಂತ ಮೊದಲು ಬರೆಯುವ ಮೇಜಿನ ಹೊಣೆಯನ್ನು ಕೇಳಬೇಕೆನಿಸುತ್ತದೆ.

2018ರ ಜನವರಿ 24ರಂದು, ತಿದ್ದಿದ ಸಾರಸ್ ಬೆಂಗಳೂರಿನಿಂದ ಮತ್ತೆ ಹಾರಿತು. ನಡೆಸಿದವರು ಈ ಸಲವೂ ವಾಯುಪಡೆಯವರೇ.