ಎರಡು ಲಿಪಿಗಳಲ್ಲಿ ಒಂದೇ ಇಲಿ

ಚಂದಮಾಮ, ಬಾಲಮಂಗಳದಂಥ ಮಕ್ಕಳ ಪತ್ರಿಕೆಗಳ ಹಳೆಯ ಪ್ರತಿಗಳನ್ನು ಹುಡುಕಿ ಕೊಳ್ಳುವವರ ಹಂಬಲವನ್ನು ಬರೀ ಬಾಲ್ಯದ ಮೋಹವೆಂದು ತಳ್ಳಿಹಾಕುವುದು ಸುಲಭ. ಶಿರಾಡಿ ಘಾಟಿಯ ಬುಡದ ನೆಲ್ಯಾಡಿಯಿಂದ ನೋಡಿದರೆ ಆ ಮಾತು ನಿಲ್ಲದು. ಕೇರಳದಿಂದ ವಲಸೆ ಬಂದು ಕಾಡಂಚಿನಲ್ಲಿ ರಬ್ಬರ್ ಬೆಳೆಸಿದ ಕುಟುಂಬಗಳು ಈ ಸೀಮೆಯಲ್ಲಿವೆ. ಮನೆಯಲ್ಲಿ ಮಲಯಾಳಂ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಹೀಗೆ ಭಾಷೆ ದಾಟಿದ ಕಥಾನಾಯಕನೂ ಒಬ್ಬನಿದ್ದ. ಕೋಟ್ಟಯಂನ ಮಂಗಳಂ ಸಂಸ್ಥೆಯ ಮಲಯಾಳಂ ಪತ್ರಿಕೆಯಲ್ಲಿ 1983ರಲ್ಲಿ ಹುಟ್ಟಿದ ಡಿಂಕನ್, ಕನ್ನಡ ಬಾಲಮಂಗಳದಲ್ಲಿ ಡಿಂಗನಾದ. ಅನ್ಯಗ್ರಹದವರು ಹೊತ್ತೊಯ್ದು ಪ್ರಯೋಗಕ್ಕೆ ಒಡ್ಡಿದ ಪುಟ್ಟ ಇಲಿ, ಅಪಾರ ಬಲ ಪಡೆದು ಕಾಡಿಗೆ ಮರಳಿ ಬಡಪ್ರಾಣಿಗಳ ಕಾವಲಿಗೆ ನಿಂತಿತು. ವಲಸೆ ಬಂದವರ ಮಕ್ಕಳಿಗೂ ಊರಿನ ಮಕ್ಕಳಿಗೂ ಸಮಾನವಾಗಿ ಒದಗಬಲ್ಲ ಇಂಥ ನಾಯಕರು ಹೆಚ್ಚಿರಲಿಲ್ಲ.

ಯಕ್ಷಗಾನ, ಭೂತಗಳ ಕಥೆ ತುಂಬಿರುವ ನೆಲಕ್ಕೆ ಈ ಹೊರಗಿನ ಸರಕೇಕೆ ಎನ್ನಬಹುದು. ಚಂದಮಾಮವೂ ಮದ್ರಾಸಿನದೇ ಅಲ್ಲವೇ? 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ ಆಮೇಲೆ ಕನ್ನಡಕ್ಕೆ ಬಂತು. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದು ನಡೆವ ವಿಕ್ರಮನನ್ನು ಚಿತ್ರಕಾರ ಶಂಕರ್ ಬರೆದದ್ದು ಎಲ್ಲ ಭಾಷೆಗಳಿಗೂ ಸೇರಿ. ಅವನನ್ನು ನಮ್ಮವನೆಂದ ಮೇಲೆ ಡಿಂಗನನ್ನು ಹೊರಗಿಡಲು ಕಾರಣವಿಲ್ಲ.

ಇನ್ನು ಬೆಲೆಯ ಮಾತು. ಸಂಗ್ರಹಕಾರರು ಗೀಚಿಲ್ಲದ, ಹರಿಯದ ಪ್ರತಿಯನ್ನು ಮೇಲೆಂದು ಎಣಿಸುತ್ತಾರೆ. ಇತಿಹಾಸಕ್ಕೆ ಅದಕ್ಕಿಂತ ಬೇಕಾದದ್ದು, 'ದಾರಿ ತೋರಿಸಿ' ಎಂಬ ಒಗಟಿನ ಪುಟದಲ್ಲಿ ಪೆನ್ಸಿಲ್ ಗೆರೆ ದಾರಿ ತಪ್ಪಿ, ಅಳಿಸಿ, ಮತ್ತೆ ಹೊರಟಿರುವ ಪ್ರತಿ. ಹೊಸದರಂತಿರುವ ಪುಸ್ತಕ ಅಚ್ಚಾದದ್ದನ್ನಷ್ಟೇ ಹೇಳುತ್ತದೆ. ಓದಿಸಿಕೊಂಡದ್ದನ್ನು ಹೇಳುವುದು ಈ ಗೆರೆಗಳು.